ಗಾಥಿಕ್ ಕಥೆಯೂ ಮಲೆನಾಡಿನ ಕತ್ತಲೆಯೂ

ಆಷಾಢಮಾಸದ ಒಂದು ಇರುಳು. ನರಸಿಂಹರಾಜಪುರ ಸೀಮೆಯ ಕಡಹಿನಬೈಲಿನಂತಹ ಒಂದು ಹಳ್ಳಿಯಲ್ಲಿ ಹಳೆಯ ಕಾಲದ ದೊಡ್ಡ ಮನೆಯೊಂದನ್ನು ಕಲ್ಪಿಸಿಕೊಳ್ಳಬಹುದು. ಹೊರಗೆ ಮಳೆ ಒಂದೇ ಸಮನೆ ಸುರಿಯುತ್ತಿದೆ. ಅಂಗಳದ ಆಚೆ ಅಡಕೆಯ ತೋಟ, ತೋಟದ ಆಚೆ ಗದ್ದೆಯ ಬಯಲು, ಬಯಲಿನ ಆಚೆ ಕಾಡು. ಈಗ ಇವೊಂದೂ ಕಾಣಿಸುತ್ತಿಲ್ಲ. ಒಳಗೆ ಒಂದು ಚಿಮಣಿ ದೀಪ ಉರಿಯುತ್ತಿದೆ. ಅದರ ಬೆಳಕಿಗೆ ಕಂಬಗಳ ನೆರಳು ಗೋಡೆಯ ಮೇಲೆ ಓಲಾಡುತ್ತಿದೆ. ಬಹುಕಾಲದಿಂದ ಬೀಗ ಹಾಕಿದ ಕೋಣೆಯೊಂದು ಆ ಮನೆಯಲ್ಲಿದೆ. ಅದನ್ನು ಏಕೆ ತೆರೆಯುವುದಿಲ್ಲವೆಂದು ಕೇಳಿದರೆ ಹಿರಿಯರು ಮಾತು ಮರೆಸುತ್ತಾರೆ. ಇದ್ದಕ್ಕಿದ್ದಂತೆ ಅಟ್ಟದ ಮೇಲೆ ಯಾರೋ ನಡೆದಂತೆ ಸದ್ದಾಗುತ್ತದೆ. ಅಜ್ಜಿಯ ಕಥೆ ಅರ್ಧದಲ್ಲಿಯೇ ನಿಲ್ಲುತ್ತದೆ. ಕೇಳುತ್ತಿದ್ದ ಮಕ್ಕಳು ಅಜ್ಜಿಯ ಸೆರಗಿಗೆ ಒತ್ತಿಕೊಳ್ಳುತ್ತಾರೆ. ಆದರೂ ಅವರಲ್ಲಿ ಒಬ್ಬರೂ ಎದ್ದು ಹೋಗಿ ಮಲಗುವುದಿಲ್ಲ. ಹೆದರಿಕೆಯಾದಷ್ಟೂ ಕಥೆ ಮುಂದುವರಿಯಲೆಂಬ ಆಸೆಯೇ ಹೆಚ್ಚುತ್ತದೆ.

ಭಯವೆಂಬುದು ದುಃಖಕರವಾದ ಭಾವ. ಹಾಗಿದ್ದರೂ ಕಥೆಯಲ್ಲಿ ಬಂದಾಗ ಅದು ಏಕೆ ಸಂತೋಷವನ್ನು ಕೊಡುತ್ತದೆ? ಈ ಪ್ರಶ್ನೆ ಹೊಸದಲ್ಲ. ಭರತಮುನಿಯ ನಾಟ್ಯಶಾಸ್ತ್ರವು ಎಂಟು ರಸಗಳನ್ನು ಹೇಳಿ ಅವುಗಳಲ್ಲಿ ಭಯಾನಕವನ್ನೂ ಬೀಭತ್ಸವನ್ನೂ ಸೇರಿಸಿದೆ. ಭಯಾನಕ ರಸ ಹುಟ್ಟಲು ಕಾರಣವಾಗುವ ಸಂಗತಿಗಳ ಪಟ್ಟಿಯಲ್ಲಿ ವಿಕಾರವಾದ ಧ್ವನಿ, ನರಿ ಗೂಬೆಗಳ ಕೂಗು, ಪಾಳುಬಿದ್ದ ಮನೆ, ಅರಣ್ಯ ಇವುಗಳನ್ನೆಲ್ಲ ಆ ಗ್ರಂಥವು ಎಣಿಸುತ್ತದೆ. ಕನ್ನಡ ಕಾವ್ಯಕ್ಕೂ ಈ ರಸ ಹೊಸದಲ್ಲ. ಜನ್ನನು 1209ರಲ್ಲಿ ರಚಿಸಿದ ‘ಯಶೋಧರ ಚರಿತೆ’ ಚಂಡಮಾರಿಯ ಬಲಿಪೀಠದ ಎದುರಿನಲ್ಲಿಯೇ ತನ್ನ ಕಥೆಯನ್ನು ಬಿಚ್ಚುತ್ತದೆ. ರನ್ನನ ‘ಗದಾಯುದ್ಧ’ದಲ್ಲಿ ದುರ್ಯೋಧನನು ಹೆಣಗಳು ಚೆಲ್ಲಾಡಿದ ರಣರಂಗದಲ್ಲಿ ನಡೆಯುತ್ತಾನೆ. ರಾಘವಾಂಕನ ‘ಹರಿಶ್ಚಂದ್ರ ಕಾವ್ಯ’ದಲ್ಲಿ ಚಂದ್ರಮತಿ ಮಗನ ಶವವನ್ನು ಹೊತ್ತು ಇರುಳಿನಲ್ಲಿ ಸುಡುಗಾಡಿಗೆ ಬರುತ್ತಾಳೆ. ಆದರೆ ಈ ಕಾವ್ಯಗಳಲ್ಲಿ ಭಯಾನಕವು ಇತರ ರಸಗಳ ನಡುವೆ ಬಂದು ಹೋಗುವ ಒಂದು ರಸ ಮಾತ್ರ. ಭಯವನ್ನೇ ಮುಖ್ಯವಾಗಿ ಇರಿಸಿಕೊಂಡು ಒಂದು ಗದ್ಯಕಥೆಯನ್ನು ಆದಿಯಿಂದ ಅಂತ್ಯದವರೆಗೆ ಕಟ್ಟುವ ಪ್ರಯತ್ನವು 18ನೆಯ ಶತಮಾನದಲ್ಲಿ ಇಂಗ್ಲೆಂಡಿನಲ್ಲಿ ನಡೆಯಿತು. ಆ ಬಗೆಯ ಕಥೆಗಳಿಗೆ ಗಾಥಿಕ್ ಕಥೆಗಳೆಂದು ಹೆಸರು.

ಈ ಹೆಸರಿನ ಹಿಂದೆಯೂ ಒಂದು ಕಥೆಯಿದೆ. ಗಾಥರು ಯೂರೋಪಿನ ಒಂದು ಪ್ರಾಚೀನ ಜನಾಂಗದವರು. ಕ್ರಿ.ಶ. 410ರಲ್ಲಿ ಅವರ ಒಂದು ಪಂಗಡವು ರೋಂ ನಗರವನ್ನು ಸೂರೆ ಮಾಡಿತು. ಮುಂದೆ ಅನೇಕ ಶತಮಾನಗಳ ಮೇಲೆ ಇಟಲಿಯ ವಿದ್ವಾಂಸರು ಮಧ್ಯಯುಗದ ಕಟ್ಟಡಗಳನ್ನು ಕಂಡು, ಅವು ಗ್ರೀಕ್ ಮತ್ತು ರೋಮನ್ ಶೈಲಿಯಂತೆ ಸಮಪ್ರಮಾಣವಾಗಿಲ್ಲವೆಂದು ಜರೆದು, ‘ಗಾಥಿಕ್’ ಎಂದು ಕರೆದರು. ಅನಾಗರಿಕವೆಂಬುದೇ ಅವರ ಅಭಿಪ್ರಾಯ. ವಾಸ್ತವವಾಗಿ ಆ ಶೈಲಿಗೂ ಗಾಥರಿಗೂ ಸಂಬಂಧವಿರಲಿಲ್ಲ. ಅದು 12ನೆಯ ಶತಮಾನದಲ್ಲಿ ಫ್ರಾನ್ಸ್ ದೇಶದಲ್ಲಿ ಹುಟ್ಟಿದ್ದು. ತುದಿ ಚೂಪಾದ ಕಮಾನುಗಳು, ಮುಗಿಲಿನತ್ತ ಏರುವ ಗೋಪುರಗಳು, ಬಣ್ಣದ ಗಾಜಿನ ಕಿಟಕಿಗಳು, ಒಳಗೆ ಅರೆಗತ್ತಲೆ ಇವು ಆ ಕಟ್ಟಡಗಳ ಗುರುತು. ಮೈಸೂರಿನ ಸಂತ ಫಿಲೋಮಿನಾ ಚರ್ಚನ್ನು ನೋಡಿದವರಿಗೆ ಇದರ ಕಲ್ಪನೆ ಸುಲಭವಾಗಿ ಆಗುತ್ತದೆ. 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅಡಿಗಲ್ಲು ಹಾಕಿದ ಆ ಚರ್ಚು ಹಳೆಯ ಗಾಥಿಕ್ ಶೈಲಿಯನ್ನು ಅನುಸರಿಸಿ ಕಟ್ಟಿದ್ದಾಗಿದೆ. ಅದರ ಜೋಡಿ ಗೋಪುರಗಳ ಕೆಳಗೆ ನಿಂತು ತಲೆಯೆತ್ತಿದವನಿಗೆ ತಾನು ಬಹಳ ಚಿಕ್ಕವನೆಂಬ ಭಾವ ಬರುತ್ತದೆ. ಬೆರಗೂ ಅಂಜಿಕೆಯೂ ಬೆರೆತ ಈ ಭಾವವೇ ಗಾಥಿಕ್ ಕಥೆಯ ಬೇರು.

ಹೊರೇಸ್ ವಾಲ್‌ಪೋಲ್ ಎಂಬ ಆಂಗ್ಲ ಶ್ರೀಮಂತನಿಗೆ ಇಂತಹ ಹಳೆಯ ಕಟ್ಟಡಗಳ ಮೇಲೆ ಬಹಳ ಮೋಹ. ಲಂಡನ್ನಿನ ಸಮೀಪದ ಸ್ಟ್ರಾಬೆರಿ ಹಿಲ್ ಎಂಬಲ್ಲಿ ಅವನು ತನ್ನ ಮನೆಯನ್ನೇ ಮಧ್ಯಯುಗದ ಕೋಟೆಯಂತೆ ಕಟ್ಟಿಸಿಕೊಂಡನು. 1764ರ ಜೂನ್ ತಿಂಗಳಿನಲ್ಲಿ ಒಂದು ರಾತ್ರಿ ಅವನಿಗೆ ಒಂದು ಕನಸು ಬಿತ್ತು. ಪುರಾತನವಾದ ಒಂದು ಕೋಟೆಯಲ್ಲಿ, ದೊಡ್ಡ ಮೆಟ್ಟಿಲಿನ ಕಟಕಟೆಯ ಮೇಲೆ, ಕವಚ ತೊಟ್ಟ ರಾಕ್ಷಸಾಕಾರದ ಕೈಯೊಂದು ಅವನಿಗೆ ಕಾಣಿಸಿತು. ಅಂದು ಸಂಜೆಯೇ ಅವನು ಬರೆಯಲು ಕುಳಿತನು. ಹೀಗೆ ಹುಟ್ಟಿದ ‘ಒಟ್ರಾಂಟೊ ಕೋಟೆ’ ಎಂಬ ಕಥೆ ಅದೇ ವರ್ಷದ ಕೊನೆಯಲ್ಲಿ ಅಚ್ಚಾಯಿತು. ಇದು ಇಟಲಿಯಲ್ಲಿ 1529ರಲ್ಲಿ ಮುದ್ರಿತವಾದ ಹಳೆಯ ಗ್ರಂಥವೊಂದರ ಅನುವಾದವೆಂದು ವಾಲ್‌ಪೋಲನು ಮೊದಲು ನಟಿಸಿದನು. ಓದುಗರು ಮೆಚ್ಚಿಕೊಂಡ ಮೇಲೆ 1765ರ ಎರಡನೆಯ ಮುದ್ರಣದಲ್ಲಿ, ಬರೆದವನು ತಾನೇ ಎಂದು ಒಪ್ಪಿಕೊಂಡು, ಅದನ್ನು ‘ಒಂದು ಗಾಥಿಕ್ ಕಥೆ’ ಎಂದು ಕರೆದನು. ಬೈಗುಳವಾಗಿದ್ದ ಮಾತು ಒಂದು ಸಾಹಿತ್ಯಪ್ರಕಾರದ ಹೆಸರಾಯಿತು.

ಆ ಕಥೆ ಹೀಗಿದೆ. ಮ್ಯಾನ್‌ಫ್ರೆಡ್ ಎಂಬುವನು ಒಟ್ರಾಂಟೊ ಕೋಟೆಯ ಒಡೆಯ. ಅವನ ಒಬ್ಬನೇ ಮಗನ ಮದುವೆಯ ದಿನ ಬೃಹದಾಕಾರದ ಒಂದು ಶಿರಸ್ತ್ರಾಣ ಎಲ್ಲಿಂದಲೋ ಬಿದ್ದು ವರನನ್ನು ಜಜ್ಜಿ ಕೊಲ್ಲುತ್ತದೆ. ವಂಶ ನಿಲ್ಲುವುದೆಂಬ ಭಯದಿಂದ ಮ್ಯಾನ್‌ಫ್ರೆಡ್ ತನ್ನ ಹೆಂಡತಿಯನ್ನು ತೊರೆದು, ಸೊಸೆಯಾಗಬೇಕಿದ್ದ ಇಸಬೆಲ್ಲಳನ್ನು ತಾನೇ ಮದುವೆಯಾಗಲು ಹವಣಿಸುತ್ತಾನೆ. ಅವಳು ಕೈಯಲ್ಲಿ ದೀಪ ಹಿಡಿದು ಕೋಟೆಯ ನೆಲಮಾಳಿಗೆಯ ಸುರಂಗದಲ್ಲಿ ಓಡುತ್ತಾಳೆ. ಗಾಳಿಗೆ ದೀಪ ಆರಿಹೋಗುತ್ತದೆ. ಕೊನೆಗೆ ನಿಜಸಂಗತಿ ಹೊರಬೀಳುತ್ತದೆ. ಮ್ಯಾನ್‌ಫ್ರೆಡ್‌ನ ಅಜ್ಜನು ಕೋಟೆಯ ನಿಜವಾದ ಒಡೆಯನಿಗೆ ವಿಷವಿಕ್ಕಿ ಅದನ್ನು ಕಬಳಿಸಿದ್ದನು. ಆ ಪಾಪ ಮೊಮ್ಮಗನ ಕಾಲಕ್ಕೆ ಹಣ್ಣಾಗುತ್ತದೆ. ಕೋಟೆಯ ಗೋಡೆಗಳು ಕುಸಿಯುತ್ತವೆ; ಆಸ್ತಿ ನ್ಯಾಯವಾದ ವಾರಸುದಾರನ ಕೈ ಸೇರುತ್ತದೆ.

ಈ ಒಂದು ಕಥೆಯಲ್ಲಿಯೇ ಗಾಥಿಕ್ ಪ್ರಕಾರದ ಮುಖ್ಯ ಲಕ್ಷಣಗಳೆಲ್ಲವೂ ಅಡಗಿವೆ. ಮೊದಲನೆಯದು ಸ್ಥಳ. ಹಳೆಯ ಕೋಟೆ, ಪಾಳುಬಿದ್ದ ಮಠ, ಒಂಟಿಮನೆ ಇವು ಇಲ್ಲಿ ಕೇವಲ ಹಿನ್ನೆಲೆಯಾಗಿರದೆ ಪಾತ್ರಗಳಂತೆಯೇ ಕಥೆಯನ್ನು ನಡೆಸುತ್ತವೆ. ಎರಡನೆಯದು ಭೂತಕಾಲದ ಹೊರೆ. ಹಿರಿಯರು ಮಾಡಿದ ಅನ್ಯಾಯವೊಂದನ್ನು ಮುಚ್ಚಿಡಲಾಗಿದೆ. ಅದು ಕಿರಿಯರ ಬಾಳಿನಲ್ಲಿ ತಲೆಯೆತ್ತುತ್ತದೆ. ಮೂರನೆಯದು ರಹಸ್ಯ. ಬೀಗ ಹಾಕಿದ ಕೋಣೆ, ಸುರಂಗ, ಹಳೆಯ ಪತ್ರ, ಪರದೆಯ ಹಿಂದಿನ ಚಿತ್ರ ಇವೆಲ್ಲ ಆ ರಹಸ್ಯದ ಗುರುತುಗಳು. ನಾಲ್ಕನೆಯದು, ಅಧಿಕಾರಮದದಿಂದ ಕುರುಡನಾದ ಯಜಮಾನ ಮತ್ತು ಅವನ ಹಿಡಿತದಿಂದ ಪಾರಾಗಲು ಹೆಣಗುವ ಅಬಲೆ. ಐದನೆಯದು ಪ್ರಕೃತಿ. ಬಿರುಗಾಳಿ, ಸಿಡಿಲು, ಇರುಳು, ಬೆಟ್ಟ ಇವು ಮನುಷ್ಯನ ಮನಸ್ಸಿನ ಕ್ಷೋಭೆಗೆ ಜೊತೆಗೊಡುತ್ತವೆ. ಆರನೆಯದು ಅತಿಮಾನುಷದ ಸುಳಿವು. ಕಂಡದ್ದು ದೆವ್ವವೋ ಭ್ರಮೆಯೋ ಎಂಬ ಸಂಶಯವನ್ನು ಲೇಖಕನು ಬಹಳ ಹೊತ್ತು ಬಿಡಿಸುವುದಿಲ್ಲ.

ಇಂತಹ ಕಥೆಗಳು ಆ ಕಾಲದಲ್ಲಿಯೇ ಏಕೆ ಹುಟ್ಟಿದವು? 18ನೆಯ ಶತಮಾನ ಯೂರೋಪಿನಲ್ಲಿ ವಿಚಾರಯುಗ. ತರ್ಕಕ್ಕೆ ನಿಲುಕದ್ದನ್ನು ನಂಬಬಾರದೆಂದು ವಿದ್ವಾಂಸರು ಸಾರುತ್ತಿದ್ದರು. ಆದರೆ ಬುದ್ಧಿ ಹೊರಹಾಕಿದ ಭಯ ವಿಸ್ಮಯಗಳು ಮನಸ್ಸಿನ ಮೂಲೆಯಲ್ಲಿ ಉಳಿದೇ ಇದ್ದವು. ಕಥೆ ಅವುಗಳಿಗೆ ಆಶ್ರಯ ಕೊಟ್ಟಿತು. ಎಡ್ಮಂಡ್ ಬರ್ಕ್ ಎಂಬ ಚಿಂತಕನು 1757ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಸೌಂದರ್ಯಕ್ಕೂ ಭವ್ಯತೆಗೂ ಇರುವ ಅಂತರವನ್ನು ವಿವರಿಸಿದ್ದನು. ಅವನ ಪ್ರಕಾರ ಅಗಾಧವಾದದ್ದು, ಕತ್ತಲೆಯಿಂದ ಕೂಡಿದ್ದು, ಮನುಷ್ಯನ ಅಳವಿಗೆ ಮೀರಿದ್ದು ಭಯವನ್ನು ಹುಟ್ಟಿಸುತ್ತದೆ. ಆದರೆ ನೋಡುವವನು ಸುರಕ್ಷಿತವಾದ ದೂರದಲ್ಲಿದ್ದರೆ ಆ ಭಯವೇ ಆನಂದವಾಗುತ್ತದೆ. ಅಜ್ಜಿಯ ಸೆರಗಿನಲ್ಲಿ ಕುಳಿತ ಮಕ್ಕಳ ಸಂತೋಷದ ಗುಟ್ಟು ಇದೇ.

ವಾಲ್‌ಪೋಲನ ಮಾರ್ಗವನ್ನು ಹಿಡಿದು ಬೆಳೆಸಿದವರಲ್ಲಿ ಆನ್ ರಾಡ್‌ಕ್ಲಿಫ್ ಎಂಬ ಲೇಖಕಿ ಪ್ರಮುಖಳು. 1794ರಲ್ಲಿ ಪ್ರಕಟವಾದ ಅವಳ ‘ಯುಡಾಲ್ಫೋದ ರಹಸ್ಯಗಳು’ ಕಾದಂಬರಿಯಲ್ಲಿ ಎಮಿಲಿ ಎಂಬ ತರುಣಿ ಪರ್ವತದ ಮೇಲಿನ ಕೋಟೆಯಲ್ಲಿ ಸೆರೆಯಾಗುತ್ತಾಳೆ. ಅಲ್ಲಿ ಕಪ್ಪು ಪರದೆಯೊಂದನ್ನು ಸರಿಸಿ, ಕಂಡದ್ದರ ಭೀತಿಯಿಂದ ಮೂರ್ಛೆ ಹೋಗುತ್ತಾಳೆ. ಅವಳು ಕಂಡದ್ದು ಮೇಣದ ಗೊಂಬೆ ಎಂಬುದು ಓದುಗರಿಗೆ ತಿಳಿಯುವುದು ಕಥೆಯ ಕೊನೆಯಲ್ಲಿ. ರಾಡ್‌ಕ್ಲಿಫಳ ಕಥೆಗಳಲ್ಲಿ ದೆವ್ವದಂತೆ ತೋರಿದ್ದಕ್ಕೆಲ್ಲ ಲೌಕಿಕವಾದ ಕಾರಣ ಉಂಟು. ಮನಸ್ಸನ್ನು ಅರಳಿಸುವ ಭಯ ಬೇರೆ, ಅದನ್ನು ಮುದುಡಿಸುವ ಹೇಸಿಗೆಯ ಭಯ ಬೇರೆ ಎಂದು ಅವಳು ವಾದಿಸಿದಳು. ನಮ್ಮ ಆಲಂಕಾರಿಕರು ಭಯಾನಕ, ಬೀಭತ್ಸ ಎಂದು ಎರಡಾಗಿ ಎಣಿಸಿದ ರಸಗಳನ್ನು ಈ ವಿಂಗಡಣೆ ನೆನಪಿಗೆ ತರುತ್ತದೆ.

1816ರ ಬೇಸಿಗೆಯಲ್ಲಿ ಯೂರೋಪಿಗೆ ಬೇಸಿಗೆಯೇ ಬರಲಿಲ್ಲ. ಹಿಂದಿನ ವರ್ಷ ಇಂಡೋನೇಷ್ಯದ ತಂಬೋರ ಅಗ್ನಿಪರ್ವತ ಸ್ಫೋಟಗೊಂಡು, ಅದು ಎಬ್ಬಿಸಿದ ಧೂಳು ಬಿಸಿಲನ್ನು ತಡೆದಿತ್ತು. ಜಿನೀವಾ ಸರೋವರದ ದಂಡೆಯ ಮನೆಯೊಂದರಲ್ಲಿ ಮಳೆಯ ದೆಸೆಯಿಂದ ಒಳಗೇ ಉಳಿದ ಕವಿ ಬೈರನ್, ತನ್ನ ಸಂಗಡಿಗರು ಒಬ್ಬೊಬ್ಬರೂ ಒಂದು ದೆವ್ವದ ಕಥೆ ಬರೆಯಬೇಕೆಂದು ಸೂಚಿಸಿದನು. ಆಗ 18 ವರ್ಷದವಳಾಗಿದ್ದ ಮೇರಿ ಬರೆಯತೊಡಗಿದ ಕಥೆಯೇ ‘ಫ್ರಾಂಕನ್‌ಸ್ಟೈನ್’. 1818ರಲ್ಲಿ ಅದು ಪ್ರಕಟವಾದಾಗ ಅವಳು ಮೇರಿ ಶೆಲ್ಲಿಯಾಗಿದ್ದಳು. ಅದರಲ್ಲಿ ಭಯ ಹುಟ್ಟಿಸುವುದು ಹಳೆಯ ಕೋಟೆಯಲ್ಲ, ಹೊಸ ವಿಜ್ಞಾನ. ತಾನು ಸೃಷ್ಟಿಸಿದ ಜೀವಿಯನ್ನು ಸಾಕದೆ ತೊರೆದ ವಿಜ್ಞಾನಿಯೇ ಅಲ್ಲಿಯ ಅಪರಾಧಿ. ಅದೇ ಸುಮಾರಿಗೆ ಜೇನ್ ಆಸ್ಟೆನಳ ‘ನಾರ್ತ್ಯಾಂಗರ್ ಆ್ಯಬಿ’ ಗಾಥಿಕ್ ಕಥೆಗಳನ್ನು ಓದಿ ಓದಿ ಎಲ್ಲೆಲ್ಲೂ ರಹಸ್ಯವನ್ನೇ ಹುಡುಕುವ ಹುಡುಗಿಯೊಬ್ಬಳನ್ನು ನಗೆಯಾಡಿತು. ಹಳೆಯ ಪೆಟ್ಟಿಗೆಯಲ್ಲಿ ಅವಳಿಗೆ ಸಿಕ್ಕಿದ ಭಯಂಕರ ಪತ್ರ, ಬೆಳಗಾದ ಮೇಲೆ ನೋಡಿದರೆ, ಬಟ್ಟೆ ಒಗೆದ ಲೆಕ್ಕದ ಚೀಟಿ! ಮುಂದೆ ಎಡ್ಗರ್ ಅಲನ್ ಪೋ, ಬ್ರಾಂಟೆ ಸಹೋದರಿಯರು, 1897ರಲ್ಲಿ ‘ಡ್ರಾಕುಲಾ’ ಬರೆದ ಬ್ರಾಮ್ ಸ್ಟೋಕರ್ ಮೊದಲಾದವರು ಈ ಪರಂಪರೆಯನ್ನು ಬೇರೆ ಬೇರೆ ದಿಕ್ಕುಗಳಿಗೆ ಕೊಂಡೊಯ್ದರು.

ಕನ್ನಡದಲ್ಲಿ ಗಾಥಿಕ್ ಎಂಬ ಹೆಸರಿನ ಪ್ರಕಾರವೊಂದು ಬೇರೆಯಾಗಿ ಬೆಳೆಯಲಿಲ್ಲ. ಆದರೆ ಆ ಕಥೆಗಳಿಗೆ ಬೇಕಾದ ನೆಲ ಕನ್ನಡನಾಡಿನಲ್ಲಿ ಎಲ್ಲಿದೆಯೆಂದು ಕೇಳಿದರೆ, ಕೊಪ್ಪ, ಶೃಂಗೇರಿ, ನರಸಿಂಹರಾಜಪುರ, ತೀರ್ಥಹಳ್ಳಿಗಳ ಮಲೆನಾಡನ್ನೇ ತೋರಿಸಬೇಕಾಗುತ್ತದೆ. ಇಲ್ಲಿ ಊರೆಂದರೆ ಒತ್ತಾಗಿ ಕಟ್ಟಿದ ಕೇರಿಗಳಲ್ಲ. ಒಂದು ಮನೆಗೂ ಮತ್ತೊಂದು ಮನೆಗೂ ನಡುವೆ ತೋಟ, ಗದ್ದೆ, ಕಾಡು. ತಿಂಗಳುಗಟ್ಟಲೆ ಬಿಡದೆ ಸುರಿಯುವ ಮಳೆ ಒಂದೊಂದು ಮನೆಯನ್ನೂ ದ್ವೀಪವಾಗಿಸುತ್ತಿತ್ತು. ಚೌಡಿಯ ಬನ, ಭೂತನ ಕಲ್ಲು, ಇರುಳಿನಲ್ಲಿ ದೂರದಲ್ಲಿ ಹೊಳೆದು ಮಾಯವಾಗುವ ಕೊಳ್ಳಿದೆವ್ವ ಇವುಗಳ ಕಥೆ ಕೇಳದೆ ಬೆಳೆದ ಮಕ್ಕಳು ವಿರಳ. ಇದಕ್ಕೆಲ್ಲ ಒಂದು ಕಟುವಾದ ವಾಸ್ತವವೂ ಸೇರಿಕೊಂಡಿತ್ತು. 20ನೆಯ ಶತಮಾನದ ಪೂರ್ವಾರ್ಧದವರೆಗೂ ಮಲೇರಿಯ ಜ್ವರವು ಈ ಸೀಮೆಯನ್ನು ಕಾಡಿತು. ಜನ ಸತ್ತು, ಉಳಿದವರು ಊರು ಬಿಟ್ಟು, ಎಷ್ಟೋ ಮನೆಗಳು ಪಾಳುಬಿದ್ದವು. ಗೋಡೆಯ ಮೇಲೆ ಗಿಡ ಬೆಳೆದ ಅಂತಹ ಮನೆಯ ಮುಂದೆ ಸಂಜೆ ಹಾದುಹೋಗುವವನಿಗೆ ದೆವ್ವದ ನೆನಪಾದರೆ ಆಶ್ಚರ್ಯವಿಲ್ಲ. ಆ ಮನೆಯನ್ನು ಬರಿದು ಮಾಡಿದ್ದು ಮಾತ್ರ ದೆವ್ವವಲ್ಲ, ಸೊಳ್ಳೆ.

ಈ ಲೋಕವನ್ನು ಕಾದಂಬರಿಗೆ ತಂದ ಮಹಾಲೇಖಕರು ಕುವೆಂಪು. ಅವರು 1904ರ ಡಿಸೆಂಬರ್ 29ರಂದು ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ, ತಾಯಿಯ ತವರಿನಲ್ಲಿ ಹುಟ್ಟಿದರು. ಬೆಳೆದದ್ದು ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯಲ್ಲಿ. ಷೇಕ್ಸ್‌ಪಿಯರನ ‘ಹ್ಯಾಮ್ಲೆಟ್’ ನಾಟಕವನ್ನು ಆಧರಿಸಿ ಅವರು ಬರೆದ ‘ರಕ್ತಾಕ್ಷಿ’ಯ ಕಥೆ ನಡೆಯುವುದು ಮಲೆನಾಡಿನ ಬಿದನೂರಿನಲ್ಲಿ. 1936ರಲ್ಲಿ ಬಂದ ‘ಕಾನೂರು ಹೆಗ್ಗಡಿತಿ’ ಕಾದಂಬರಿಯಲ್ಲಿ ಹಳೆಯ ದೊಡ್ಡ ಮನೆಯಿದೆ, ಅದನ್ನು ಆಳುವ ಕಠೋರ ಯಜಮಾನ ಚಂದ್ರಯ್ಯಗೌಡನಿದ್ದಾನೆ, ಅವನ ಕೈಹಿಡಿದು ಬಂದು ಆ ಮನೆಯ ಸಂಶಯ ಜಗಳಗಳಲ್ಲಿ ಸಿಕ್ಕಿ ಬೀಳುವ ಸುಬ್ಬಮ್ಮನಿದ್ದಾಳೆ. ಜನರ ಬಾಳನ್ನು ಭೂತದ ಹೆದರಿಕೆ ಸುತ್ತಿಕೊಂಡಿದೆ. ಮೈಸೂರಿನಲ್ಲಿ ಓದಿ ಬಂದ ಹೂವಯ್ಯ ಆ ಹೆದರಿಕೆಯನ್ನು ವಿಚಾರದ ಬೆಳಕಿನಲ್ಲಿ ಎದುರಿಸುತ್ತಾನೆ. ಗಾಥಿಕ್ ಕಥೆಯ ಲಕ್ಷಣಗಳು ಹಲವು ಇಲ್ಲಿ ಕಂಡರೂ ಇದು ಗಾಥಿಕ್ ಕಾದಂಬರಿಯಲ್ಲ. ದೆವ್ವ ಇದೆಯೇ ಇಲ್ಲವೇ ಎಂಬುದು ಇಲ್ಲಿಯ ಪ್ರಶ್ನೆಯಲ್ಲ. ದೆವ್ವದ ಹೆಸರಿನಲ್ಲಿ ಯಾರು ಯಾರನ್ನು ಹೆದರಿಸುತ್ತಾರೆ, ಅದರಿಂದ ಯಾರಿಗೆ ಲಾಭ ಎಂಬುದೇ ಪ್ರಶ್ನೆ.

ಪ್ರಕೃತಿಯ ವಿಷಯದಲ್ಲಿಯೂ ಕುವೆಂಪು ಯೂರೋಪಿನ ಲೇಖಕರಿಂದ ಬೇರೆಯಾಗಿ ನಿಲ್ಲುತ್ತಾರೆ. ಅನೇಕ ಗಾಥಿಕ್ ಕಥೆಗಳಲ್ಲಿ ಕಾಡು ನಾಯಕಿಗೆ ಪರಕೀಯವಾದದ್ದು, ದಾಟಿ ಪಾರಾಗಬೇಕಾದದ್ದು. 1967ರಲ್ಲಿ ಪ್ರಕಟವಾದ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯಲ್ಲಿ ಅದೇ ಕಾಡು ಮನೆಯೂ ಹೌದು. ಜಿಗಣೆ, ಕೆಸರು, ಹುಲಿಯ ಭಯ, ಉಕ್ಕಿ ಹರಿಯುವ ತುಂಗೆ ಎಲ್ಲವೂ ಅಲ್ಲಿವೆ. ಗುತ್ತಿಯ ಪ್ರೀತಿಯ ನಾಯಿ ಹುಲಿಯ ಹೊಳೆಯ ಪ್ರವಾಹಕ್ಕೆ ಸಿಕ್ಕುವ ಪ್ರಸಂಗವನ್ನು ಓದಿದವರ ಎದೆ ಕರಗದಿರದು. ಆದರೂ ಒಲಿದವನೊಡನೆ ಬಾಳಲು ಹೊರಟ ಹೆಣ್ಣಿಗೆ ಆಶ್ರಯ ಕೊಡುವುದು ಆ ಕಾಡು ಬೆಟ್ಟಗಳೇ. ಬರ್ಕ್ ಹೇಳಿದ ಭವ್ಯತೆ ಇಲ್ಲಿ ದೂರದಲ್ಲಿ ನಿಂತು ನೋಡುವ ನೋಟವಲ್ಲ. ನಡುವೆ ಬಾಳುವವರ ದಿನದಿನದ ಅನುಭವ.

ಕುವೆಂಪು ಅವರ ನಂತರದವರೂ ಈ ಕತ್ತಲೆಯನ್ನು ತಮ್ಮದೇ ರೀತಿಯಲ್ಲಿ ಕಂಡರು. ತೀರ್ಥಹಳ್ಳಿ ತಾಲ್ಲೂಕಿನ ಮೇಳಿಗೆಯಲ್ಲಿ ಹುಟ್ಟಿದ ಯು. ಆರ್. ಅನಂತಮೂರ್ತಿಯವರ ‘ಘಟಶ್ರಾದ್ಧ’ ಕಥೆಯನ್ನು ಗಿರೀಶ ಕಾಸರವಳ್ಳಿಯವರು 1977ರಲ್ಲಿ ಚಲನಚಿತ್ರವಾಗಿಸಿದರು. ಅದರಲ್ಲಿ ತರುಣ ವಿಧವೆಯೊಬ್ಬಳನ್ನು ಅವಳ ಸಮಾಜವು ಬದುಕಿರುವಾಗಲೇ ಸತ್ತವಳೆಂದು ಎಣಿಸಿ ಹೊರಹಾಕುತ್ತದೆ. ಇರುಳಿನ ಕಾಡು, ಹಾವು, ಹುತ್ತ ಇವುಗಳಿಗೆ ಅಂಜುವ ಎಳೆಯ ಬಾಲಕನೊಬ್ಬ ಇದನ್ನೆಲ್ಲ ಕಾಣುತ್ತಾನೆ. ಹಾವಿಗಿಂತ ಹೆಚ್ಚು ನಿರ್ದಯವಾದದ್ದು ಯಾವುದೆಂದು ಅವನಿಗೆ ಕೊನೆಗೆ ತಿಳಿಯುತ್ತದೆ. ಪೂರ್ಣಚಂದ್ರ ತೇಜಸ್ವಿಯವರ ‘ಚಿದಂಬರ ರಹಸ್ಯ’ (1985) ಒಂದು ಸಾವಿನ ಒಗಟನ್ನು ಹಿಡಿದು ಹೊರಡುತ್ತದೆ. ಆ ಒಗಟನ್ನು ಬಿಡಿಸುವ ಗೊಡವೆಯ ನಡುವೆ ಮಲೆನಾಡಿನ ಊರೊಂದು ಜಾತಿಮತಗಳ ಸಂಶಯದಿಂದ ಒಡೆಯುತ್ತಾ ಹೋಗಿ, ಕೊನೆಗೆ ಬೆಂಕಿಯ ಬಾಯಿಗೆ ಬೀಳುತ್ತದೆ. ಓದುಗನ ಮನಸ್ಸಿನಲ್ಲಿ ಉಳಿಯುವುದು ಕೊಲೆಗಾರನ ಹೆಸರಲ್ಲ, ಆ ಬೆಂಕಿ.

ಹೀಗೆ ನೋಡಿದರೆ ಕಥೆಗಳಲ್ಲಿ ಬರುವ ಭಯ ಎರಡು ಬಗೆಯದು. ದೀಪ ಹಚ್ಚಿದೊಡನೆ ಮಾಯವಾಗುವ ಭಯ ಒಂದು. ದೀಪ ಹಚ್ಚಿದ ಮೇಲೆಯೇ ಕಣ್ಣಿಗೆ ಬೀಳುವ ಭಯ ಮತ್ತೊಂದು. ರಾಡ್‌ಕ್ಲಿಫಳ ಮೇಣದ ಗೊಂಬೆ, ಆಸ್ಟೆನಳ ಒಗೆತದ ಚೀಟಿ ಮೊದಲನೆಯ ಬಗೆಗೆ ಸೇರುತ್ತವೆ. ಒಟ್ರಾಂಟೊ ಕೋಟೆಯ ಅಜ್ಜನ ಪಾಪ, ಬಹಿಷ್ಕೃತಳಾದ ವಿಧವೆಯ ಗೋಳು ಎರಡನೆಯ ಬಗೆಗೆ. ಮೊದಲನೆಯದನ್ನು ಕಳೆಯಲು ತಿಳಿವಳಿಕೆ ಸಾಕು. ಎರಡನೆಯದನ್ನು ಕಳೆಯಲು ತಿಳಿವಳಿಕೆಯ ಜೊತೆಗೆ ಧೈರ್ಯವೂ ನ್ಯಾಯಬುದ್ಧಿಯೂ ಬೇಕು. ಒಳ್ಳೆಯ ಗಾಥಿಕ್ ಕಥೆ ಓದುಗನನ್ನು ಮೊದಲನೆಯ ಭಯದಿಂದ ಎರಡನೆಯದರ ಬಾಗಿಲಿಗೆ ಕರೆದೊಯ್ಯುತ್ತದೆ. ಬರಿಯ ರಕ್ತವನ್ನೂ ಹೆಣವನ್ನೂ ತೋರಿಸಿ ಬೆಚ್ಚಿಬೀಳಿಸುವ ಕಥೆ ಮೊದಲನೆಯದರಲ್ಲಿಯೇ ನಿಂತುಬಿಡುತ್ತದೆ.

ಮಳೆಯ ಇರುಳಿನ ಆ ಹಳೆಯ ಮನೆಗೆ ಮತ್ತೆ ಮರಳಿದರೆ, ಮಕ್ಕಳಲ್ಲಿ ಹಿರಿಯಳಾದ ಹುಡುಗಿಯೊಬ್ಬಳು ದೀಪ ಹಿಡಿದು ಅಟ್ಟವನ್ನು ಹತ್ತಿರಬಹುದು. ಅಡಕೆಯ ಮೂಟೆಗಳ ನಡುವೆ ಎರಡು ಕಣ್ಣುಗಳು ಹೊಳೆದು, ಕಾಡುಬೆಕ್ಕೊಂದು ಮಾಡಿನ ಸಂದಿಯಿಂದ ನುಸುಳಿ ಹೊರಗೆ ಹಾರಿರಬಹುದು. ಕೆಳಗೆ ನಗೆ ಎದ್ದಿರಬಹುದು. ಆದರೆ ಇಳಿದು ಬರುವಾಗ ಆ ಹುಡುಗಿಯ ಕಣ್ಣು ಬೀಗ ಹಾಕಿದ ಕೋಣೆಯ ಮೇಲೆ ಬಿದ್ದೇ ಬೀಳುತ್ತದೆ. ಅಟ್ಟದ ಸದ್ದಿಗೆ ಉತ್ತರ ಸಿಕ್ಕಿತು. ಆ ಕೋಣೆಯಲ್ಲಿ ಹಿಂದೆ ಯಾರಿದ್ದರು, ಅವರಿಗೆ ಏನಾಯಿತು ಎಂಬುದಕ್ಕೆ ಇನ್ನೂ ಸಿಕ್ಕಿಲ್ಲ. ಅದನ್ನು ಅಜ್ಜಿಯ ಬಳಿ ಕೇಳುವ ಧೈರ್ಯ ಅವಳಿಗೆ ಬಂದ ದಿನ ನಿಜವಾದ ಕಥೆ ಪ್ರಾರಂಭವಾಗುತ್ತದೆ.